ನೆಲದ ನಡುಕ ದಾಖಲಿಸುತ್ತಾ ಕಲಿತದ್ದು

2016ರ ಭೂಕಂಪ ವಲಯ ನಕ್ಷೆಯಲ್ಲಿ ಅರಸೀಕೆರೆ, ಬೇಲೂರು, ಹಳೇಬೀಡುಗಳೆಲ್ಲ ಅತಿ ಕಡಿಮೆ ಅಪಾಯದ ಎರಡನೇ ವಲಯದಲ್ಲಿವೆ. "ನಮ್ಮಲ್ಲಿ ಎಲ್ಲಿಯ ಭೂಕಂಪ ಸಾರ್, ಈ ಪೆಟ್ಟಿಗೆ ಯಾಕೆ?" ಎಂದು ನಾನಿಡುವ ಭೂಕಂಪಮಾಪಕ ನೋಡಿ ತೋಟದವರು ಕೇಳುತ್ತಾರೆ. ಕೇಳುವುದು ನ್ಯಾಯವೇ. ನೆಲದ ಕಂಪನ ದಾಖಲಿಸುವ ಈ ಕೆಲಸದಲ್ಲಿ ನಾನು ಕಲಿತದ್ದರಲ್ಲಿ ಹೆಚ್ಚಿನದು ಕೆಟ್ಟ ದಾಖಲೆಗಳಿಂದಲೇ.

1. ಅನುಕೂಲದ ಜಾಗಕ್ಕೆ ಮನಸೋಲಬೇಡಿ.
ಅರಸೀಕೆರೆಯ ಹತ್ತಿರ ತೆಂಗಿನ ತೋಟದ ಪಂಪ್‌ಹೌಸಿನಲ್ಲಿ ಭೂಕಂಪಮಾಪಕ ಇಟ್ಟೆ. ಕರೆಂಟಿತ್ತು, ಬೀಗವಿತ್ತು, ನೋಡಿಕೊಳ್ಳಲು ಜನರಿದ್ದರು. ತ್ರೀ ಫೇಸ್ ಬಂದ ಕೂಡಲೇ ಸುತ್ತಲಿನ ಬೋರ್‌ವೆಲ್ ಮೋಟಾರುಗಳೆಲ್ಲ ಆಟೋ ಸ್ಟಾರ್ಟರಿನಲ್ಲಿ ಒಟ್ಟಿಗೆ ಎದ್ದು, ದಾಖಲೆಯ ಗೆರೆ ಹಗ್ಗದಷ್ಟು ದಪ್ಪವಾಗುತ್ತಿತ್ತು. ಗಾಳಿ ಬೀಸಿದರೆ ಮರದ ಬೇರು ನೆಲವನ್ನೇ ಅಲುಗಿಸುತ್ತಿತ್ತು. ಜಂಕ್ಷನ್ನಿನ ರೈಲುಗಳು ಬೇರೆ. ಇಷ್ಟರ ನಡುವೆ ಸಣ್ಣ ಕಂಪನ ಬಂದಿದ್ದರೂ ನನಗೆ ಕಾಣುತ್ತಿರಲಿಲ್ಲ. ಗೌರಿಬಿದನೂರಿನಲ್ಲಿ 1965ರಲ್ಲಿ 20 ಮಾಪಕಗಳನ್ನು ಎಲ್ ಆಕಾರದಲ್ಲಿ ಹರಡಿ ಕೇಂದ್ರ ಕಟ್ಟಿದಾಗ ಗಟ್ಟಿ ಬಂಡೆಯ ಶಾಂತ ನೆಲಕ್ಕೆ ಯಾಕೆ ಅಷ್ಟು ಬೆಲೆ ಕೊಟ್ಟರೆಂದು ಆಮೇಲೆ ಅರ್ಥವಾಯಿತು. ಈಗ ಮೊದಲು ಹುಡುಕುವುದು ಮರವಿಲ್ಲದ ಹಾಸುಬಂಡೆ. ಅದರ ಮೇಲೆ ಕಾಂಕ್ರೀಟ್ ಪೀಠ, ಪಕ್ಕದಲ್ಲಿ ಬ್ಯಾಟರಿ ಮತ್ತು ಸೋಲಾರ್ ಫಲಕ. ನಡೆಯುವ ದೂರ ಹೆಚ್ಚಾದರೂ ಸರಿ.

2. ಗುಡಿಯ ಅಲುಗಾಟ ಬೇರೆ, ನೆಲದ್ದು ಬೇರೆ.
ಬೇಲೂರಿನ ಚೆನ್ನಕೇಶವ, ಹಳೇಬೀಡಿನ ಹೊಯ್ಸಳೇಶ್ವರ ಗುಡಿಗಳೆರಡೂ ಹನ್ನೆರಡನೇ ಶತಮಾನದಲ್ಲಿ ಬಳಪದ ಕಲ್ಲಿನಲ್ಲಿ ಕಟ್ಟಿದವು. ಅವುಗಳ ಅಡಿಯ ನೆಲ ಹೇಗೆ ಕಂಪಿಸುತ್ತದೆಂದು ತಿಳಿಯುವ ಆಸೆ ನನಗೆ ಇವತ್ತಿಗೂ ಇದೆ. ಅನುಮತಿ ಸಿಕ್ಕರೆ ಜಗತಿಯ ಮೇಲೇ ಮಾಪಕ ಇಡಬಹುದೆಂದು ಯೋಚಿಸಿದ್ದೆ. ಹಿರಿಯರೊಬ್ಬರು ತಡೆದು, ಕಟ್ಟಡ ತನ್ನದೇ ಲಯದಲ್ಲಿ ಅಲುಗುತ್ತದೆ, ನಿನಗೆ ಸಿಗುವುದು ಎರಡೂ ಬೆರೆತ ದಾಖಲೆ ಎಂದರು. 1967ರ ಕೊಯ್ನಾ ಭೂಕಂಪದ ಪ್ರಸಿದ್ಧ ದಾಖಲೆಯೂ ಅಲ್ಲಿನ ಅಣೆಕಟ್ಟೆಯ ಒಳಗಿನ ಉಪಕರಣದ್ದೇ. ಹಾಗಾಗಿ ಅದರಲ್ಲಿ ನೆಲದ ಪಾಲೆಷ್ಟು ಎಂಬ ಪ್ರಶ್ನೆ ಬಂತು. ಮಣ್ಣಿನ ವಿಷಯವೂ ಹೀಗೆಯೇ. ಕೆರೆಯಂಚಿನ ಮೆತ್ತನೆ ಮಣ್ಣು ಕಂಪನವನ್ನು ಹಿಗ್ಗಿಸುತ್ತದೆ. ಹಳೇಬೀಡಿನಂಥ ಕೆರೆಯೂರಿನಲ್ಲಿ ಬಂಡೆಯ ಮೇಲೊಂದು, ಮಣ್ಣಿನ ಮೇಲೊಂದು ಮಾಪಕ ಬೇಕು.

3. ಗಡಿಯಾರ ಸರಿಯಿಲ್ಲದಿದ್ದರೆ ಉಳಿದದ್ದು ವ್ಯರ್ಥ.
ಮೊದಲು ಮುಟ್ಟುವ ಪಿ ಅಲೆಗೂ ಹಿಂದೆ ಬರುವ ಎಸ್ ಅಲೆಗೂ ಇರುವ ಅಂತರವನ್ನು, ಸೆಕೆಂಡುಗಳಲ್ಲಿ ತೆಗೆದುಕೊಂಡು, ಎಂಟರಿಂದ ಗುಣಿಸಿದರೆ ಕಂಪನಕೇಂದ್ರದ ದೂರ ಸುಮಾರಾಗಿ ಕಿಲೋಮೀಟರುಗಳಲ್ಲಿ ಸಿಗುತ್ತದೆ. ಒಂದೇ ಕೇಂದ್ರವಿದ್ದರೆ ಬಹುಮಟ್ಟಿಗೆ ಅಷ್ಟೇ. ದಿಕ್ಕು ಖಚಿತವಾಗಿ ತಿಳಿಯಲು ಹಲವು ಕೇಂದ್ರಗಳ ಸಮಯ ತಾಳೆಯಾಗಬೇಕು. ನಮ್ಮ ಬಂಡೆಯಲ್ಲಿ ಪಿ ಅಲೆ ಸೆಕೆಂಡಿಗೆ ಸುಮಾರು 6 ಕಿ.ಮೀ. ಓಡುತ್ತದೆ. ಮೂರು ಸೆಕೆಂಡ್ ತಪ್ಪಿದರೆ ಹೆಚ್ಚುಕಡಿಮೆ ಬೇಲೂರಿಗೂ ಹಳೇಬೀಡಿಗೂ ಇರುವಷ್ಟು ದೂರ ತಪ್ಪಿದಂತೆ. ಸಮಯ ಕೊಡುವ ಜಿಪಿಎಸ್ ಆಂಟೆನಾದ ಮೇಲೆ ತೆಂಗಿನ ಗರಿ ಬಾಗಿದ್ದನ್ನು ಗಮನಿಸದೆ ಒಳ್ಳೆಯ ದಾಖಲೆ ಕಳೆದುಕೊಂಡಿದ್ದೇನೆ. ಇನ್ನೊಂದು ಎಡವಟ್ಟು: 2022ರ ಜೂನ್ 23ರ ಬೆಳಗಿನ ಜಾವ 4:37ಕ್ಕೆ ಹೊಳೆನರಸೀಪುರ ತಾಲ್ಲೂಕಿನ ಮಾಲುಗಾನಹಳ್ಳಿ ಬಳಿ 3.4 ತೀವ್ರತೆಯ ಕಂಪನವಾಯಿತು. ನಾನು 23ರ ಕಡತವನ್ನೆಲ್ಲ ಜಾಲಾಡಿದೆ. ಉಪಕರಣ ನಡೆಯುವುದು ಅಂತರರಾಷ್ಟ್ರೀಯ ಸಮಯದಲ್ಲಿ. ನಮ್ಮ ಸಮಯದಿಂದ ಐದೂವರೆ ಗಂಟೆ ಕಳೆದರೆ ಅದು 22ರ ರಾತ್ರಿ 11:07.

4. ಕಲ್ಲುಕ್ವಾರಿಯ ಸಿಡಿತವನ್ನು ಗುರುತು ಹಿಡಿಯಿರಿ.
ಹಗಲು ಹೊತ್ತಿನ ಸಿಡಿತದ ಸಣ್ಣ ಕಂಪನವನ್ನು ಭೂಕಂಪವೆಂದುಕೊಂಡು ಸಂಭ್ರಮಪಟ್ಟವನು ನಾನು. ಸಿಡಿತ ನೆಲವನ್ನು ಎಲ್ಲ ದಿಕ್ಕಿಗೂ ಹೊರಕ್ಕೆ ನೂಕುವುದರಿಂದ ಪ್ರತಿ ಕೇಂದ್ರದಲ್ಲೂ ಮೊದಲ ಚಲನೆ ಮೇಲ್ಮುಖವಾಗಿಯೇ ಇರುತ್ತದೆ. ನಿಜವಾದ ಭೂಕಂಪದಲ್ಲಿ ಬಿರುಕು ಜಾರಿದರೆ ಕೆಲವೆಡೆ ಮೇಲಕ್ಕೆ, ಕೆಲವೆಡೆ ಕೆಳಕ್ಕೆ. ಒಂದೇ ಕೇಂದ್ರದ ದಾಖಲೆ ನೋಡಿ ತೀರ್ಪು ಕೊಡಬೇಡಿ.

5. ಏನೂ ಆಗದ ತಿಂಗಳುಗಳಲ್ಲೇ ಬ್ಯಾಟರಿ ನೋಡಿ.
ಬೇಸರ ಬರುವುದೇ ಇಲ್ಲಿ. ಇರುವೆ, ಸಿಡಿಲು, ಒಣಗಿದ ಬ್ಯಾಟರಿ, ಮುಂದಿನ ವಾರ ಹೋದರಾಯಿತೆಂಬ ನನ್ನ ಉದಾಸೀನ, ಎಲ್ಲವೂ ದಾಖಲೆಯಲ್ಲಿ ಖಾಲಿ ಜಾಗ ಬಿಟ್ಟಿವೆ. ಆದರೆ ಏನೂ ಆಗದೆಂದು ನಂಬುವಂತಿಲ್ಲ: ಮಹಾರಾಷ್ಟ್ರದ ಕಿಲ್ಲಾರಿಯೂ ಅಂದಿನ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ವಲಯದಲ್ಲೇ ಇತ್ತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಅಲ್ಲಿ ಭೂಕಂಪಕ್ಕೆ ಸಾವಿರಾರು ಜನ ಸತ್ತರು. ನಿಮ್ಮ ಊರಿನ ಬಂಡೆಯ ಮೇಲೆ ಇಂಥ ಪೆಟ್ಟಿಗೆ ಕಂಡರೆ ಅದರ ವೈರು ಕೀಳಬೇಡಿ. ನೆಲ ನಡುಗಿದ್ದು ಗೊತ್ತಾದರೆ ಮೊದಲು ಗಂಟೆ ನೋಡಿ ಬರೆದಿಡಿ, ಪಾತ್ರೆ ಅಲುಗಿತೋ ಗೋಡೆ ಬಿರಿಯಿತೋ ಅದನ್ನೂ ಬರೆದು ತಾಲ್ಲೂಕು ಕಚೇರಿಗೆ ತಿಳಿಸಿ.