ಋತುಸ್ರಾವದ ದಿನಗಳಲ್ಲಿ ಜಿಮ್ನಾಸ್ಟಿಕ್ಸ್ ಅಭ್ಯಾಸ: ದೈಹಿಕ ಶಿಕ್ಷಕರಿಗೆ ಪಾಠ

ಶಿವಮೊಗ್ಗ ನಗರ ಹಾಗೂ ಭದ್ರಾವತಿಯಲ್ಲಿ ಜಿಮ್ನಾಸ್ಟಿಕ್ಸ್ ಕಲಿಯುವ ಬಾಲಕಿಯರು ಋತುಸ್ರಾವದ ಕಾರಣದಿಂದ ಅಭ್ಯಾಸ ತೊರೆಯಬೇಕಿಲ್ಲ. ಹಲವೊಮ್ಮೆ ನೋವಿಗಿಂತ ಕಲೆ ಕಂಡೀತೆಂಬ ಅಳುಕೇ ದೊಡ್ಡದು. 2021ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಜರ್ಮನಿಯ ವನಿತೆಯರು ಕಣಕಾಲಿನವರೆಗಿನ ಉಡುಪು ಧರಿಸಿ ಸ್ಪರ್ಧಿಸಿದರು. ನಿಯಮದಲ್ಲಿ ಅದಕ್ಕೆ ಅವಕಾಶವಿದೆ. ಆದುದರಿಂದ ಅಭ್ಯಾಸದಲ್ಲಿಯೂ ಗಾಢವರ್ಣದ ಉದ್ದ ಉಡುಪಿಗೆ ಅನುಮತಿ ನೀಡತಕ್ಕದ್ದು. 4ರಿಂದ 6 ಗಂಟೆಗೊಮ್ಮೆ ನ್ಯಾಪ್ಕಿನ್ ಬದಲಿಸಲು ನೀರು, ಮುಚ್ಚಳವುಳ್ಳ ಬುಟ್ಟಿ ಹಾಗೂ ಬಿಡುವು ಇರಬೇಕು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ವಿದ್ಯಾರ್ಥಿನಿಯರಿಗೆ ಶುಚಿ ಯೋಜನೆಯ ನ್ಯಾಪ್ಕಿನ್ ಉಚಿತ. ನೋವಿರುವ ದಿನ ಲಘು ಅಭ್ಯಾಸ ಸಾಕು. ಅದಕ್ಕೆ ಕಾರಣ ಕೇಳಬಾರದು.

ಆರಂಭವಾದ ಋತುಚಕ್ರವು ಸತತ 3 ತಿಂಗಳು ನಿಂತರೆ ಅದನ್ನು ಕಠಿಣ ತರಬೇತಿಯ ಫಲವೆಂದು ಭಾವಿಸಬಾರದು. ದುಡಿಮೆಗೆ ತಕ್ಕ ಆಹಾರ ದೊರೆಯುತ್ತಿಲ್ಲವೆಂಬುದರ ಸೂಚನೆ ಅದಾಗಿರಬಹುದು. ಮೂಳೆ ದುರ್ಬಲವಾಗುವ ಮುನ್ನವೇ ಪೋಷಕರಿಗೆ ತಿಳಿಸಿ, ವೈದ್ಯರಲ್ಲಿ ತಪಾಸಣೆ ಮಾಡಿಸತಕ್ಕದ್ದು.