ಕಾಸಿಲ್ಲದ ಇಸ್ಪೀಟು, ಮೆದುಳಿಗೆ ಲೇಸು

ಕೆಲವು ವರ್ಷಗಳ ಹಿಂದಿನ ಮಾತು. ನಿವೃತ್ತ ಶಾಲಾ ಮಾಸ್ತರರೊಬ್ಬರನ್ನು ಅವರ ಪತ್ನಿ ಮತ್ತು ಮಗ ನನ್ನ ಬಳಿ ಕರೆತಂದರು. ಮಾಸ್ತರರಿಗೆ 68 ವರ್ಷ. ಎರಡು ತಿಂಗಳ ಹಿಂದೆ ಪಾರ್ಶ್ವವಾಯು ಬಡಿದು ಬಲಗೈ ಸ್ವಾಧೀನ ತಪ್ಪಿತ್ತು. ಚಿಕಿತ್ಸೆ ಮತ್ತು ವ್ಯಾಯಾಮದಿಂದ ಕೈ ಮೇಲೆತ್ತುವಷ್ಟು ಶಕ್ತಿ ಬಂದಿದ್ದರೂ ಬೆರಳುಗಳು ಹಿಡಿತಕ್ಕೆ ಬಂದಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ ಮನೆಯವರನ್ನು ಕಾಡುತ್ತಿದ್ದುದು ಅವರ ಮೌನ. ಬೆಳಗಿನಿಂದ ರಾತ್ರಿಯವರೆಗೆ ಟಿ.ವಿ. ಮುಂದೆ ಕುಳಿತಿರುತ್ತಿದ್ದರು. ವ್ಯಾಯಾಮ ಮಾಡಿ ಎಂದರೆ ‘ಇನ್ನೇನು ಸಾಧಿಸಬೇಕಾಗಿದೆ?’ ಎನ್ನುತ್ತಿದ್ದರು.

‘ಮೊದಲು ಇವರಿಗೆ ಯಾವುದರಲ್ಲಿ ಆಸಕ್ತಿಯಿತ್ತು?’ ಎಂದು ಕೇಳಿದೆ. ಮಗ ತಾಯಿಯ ಮುಖ ನೋಡಿದ. ಆಕೆ ಸಂಕೋಚದಿಂದ, ‘ಹೇಳೋಕೇ ನಾಚಿಕೆ ಡಾಕ್ಟ್ರೇ, ಇವರಿಗೆ ಇಸ್ಪೀಟು ಅಂದ್ರೆ ಪ್ರಾಣ. ಮದುವೆಯಾದ ಹೊಸದರಲ್ಲೇ ನಾನು ಬಿಡಿಸಿಬಿಟ್ಟೆ. ನಮ್ಮ ತವರಿನಲ್ಲಿ ಅದರಿಂದಲೇ ಎರಡು ಎಕರೆ ಅಡಿಕೆ ತೋಟ ಹೋಯ್ತು’ ಎಂದರು.

ಅಂದಿನ ಔಷಧಿ ಚೀಟಿಯ ಕೊನೆಯಲ್ಲಿ ನಾನು ಬರೆದದ್ದು ಇಷ್ಟು: ‘ದಿನಕ್ಕೆ ಅರ್ಧ ಗಂಟೆ ಮೊಮ್ಮಕ್ಕಳ ಜೊತೆ ರಮ್ಮಿ. ಎಲೆ ಹಂಚುವ ಕೆಲಸ ತಾತನದು, ಅದೂ ಬಲಗೈಯಲ್ಲೇ.’ ಆ ತಾಯಿ ಒಂದು ಷರತ್ತು ಹಾಕಿದರು. ಒಂದು ಕಾಸನ್ನೂ ಕಟ್ಟಬಾರದು. ಲೆಕ್ಕಕ್ಕೆ ಬೇಕಾದರೆ ಹುಣಸೆ ಬೀಜ ಇಟ್ಟುಕೊಳ್ಳಲಿ. ವೈದ್ಯನಾಗಿ ನಾನು ಹಾಕಬೇಕಾಗಿದ್ದ ಷರತ್ತೂ ಅದೇ.

ಇಸ್ಪೀಟು ಎಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಜೂಜು, ಸಾಲ, ಪೊಲೀಸ್ ದಾಳಿ. ಪಗಡೆಯಾಡಿ ರಾಜ್ಯ ಕಳೆದುಕೊಂಡ ಧರ್ಮರಾಯನ ಕಥೆ ಕೇಳಿ ಬೆಳೆದವರು ನಾವು. ಆದರೆ ಧರ್ಮರಾಯನನ್ನು ಕಾಡಿಗೆ ಕಳಿಸಿದ್ದು ಪಗಡೆಯ ಕಾಯಿಗಳಲ್ಲ, ಪಣ. ಈ ವ್ಯತ್ಯಾಸವನ್ನು ಅರಿತರೆ ಇಸ್ಪೀಟಿನ ಕಟ್ಟು ಮನೆಯ ಎಲ್ಲ ವಯಸ್ಸಿನವರಿಗೂ ಒದಗುವ, ಖರ್ಚಿಲ್ಲದ ಸಾಧನವಾಗುತ್ತದೆ.

ಅಂದಹಾಗೆ, ಎಲೆಯಾಟ ನಮ್ಮ ನಾಡಿಗೆ ಹೊಸತೂ ಅಲ್ಲ, ಕೀಳೂ ಅಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ದುಂಡನೆಯ ಗಂಜೀಫಾ ಎಲೆಗಳ ಹಲವು ಆಟಗಳನ್ನು ರೂಪಿಸಿ, ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಭಾಗದಲ್ಲಿ ವಿವರಿಸಿದ್ದಾರೆ. ದಶಾವತಾರ ಗಂಜೀಫಾದಲ್ಲಿ ಒಂದೊಂದು ಅವತಾರಕ್ಕೆ 12ರಂತೆ 120 ಎಲೆಗಳು. ಅಷ್ಟನ್ನೂ ನೆನಪಿನಲ್ಲಿಟ್ಟು ಆಡುವುದೆಂದರೆ ಬುದ್ಧಿಗೆ ಸಣ್ಣ ಕಸರತ್ತೇನಲ್ಲ.

ಮೆದುಳಿಗೆ ಏನು ಕೆಲಸ?

ರಮ್ಮಿಯನ್ನೇ ತೆಗೆದುಕೊಳ್ಳಿ. ಕೈಗೆ 13 ಎಲೆ ಬಂದೊಡನೆ ಬಣ್ಣ ಮತ್ತು ಅಂಕಿಗಳನ್ನು ನೋಡಿ ಜೋಡಿಸಬೇಕು. ಎದುರಿನವರು ಯಾವ ಎಲೆ ಎತ್ತಿದರು, ಯಾವುದನ್ನು ಕೆಳಗೆ ಹಾಕಿದರು ಎಂಬುದನ್ನು ನೆನಪಿಡಬೇಕು. ಕಾಯುತ್ತಿದ್ದ ಆಟೀನು ಏಳು ಬೇರೆಯವರ ಪಾಲಾಯಿತೆಂದು ಗೊತ್ತಾದ ಕೂಡಲೇ ಹಳೆಯ ಲೆಕ್ಕ ಬಿಟ್ಟು ಹೊಸ ಲೆಕ್ಕ ಹಾಕಬೇಕು. ಇಷ್ಟೆಲ್ಲ ನಡೆಯುವಾಗ ಮುಖದಲ್ಲಿ ಏನನ್ನೂ ತೋರಗೊಡಬಾರದು.

ಮಾಹಿತಿಯನ್ನು ಕ್ಷಣಕಾಲ ಹಿಡಿದಿಟ್ಟು ಅದರೊಂದಿಗೆ ಕೆಲಸ ಮಾಡುವ ಶಕ್ತಿಗೆ ಕಾರ್ಯಕಾರಿ ಸ್ಮೃತಿ ಎನ್ನುತ್ತಾರೆ. ಇದರಲ್ಲಿ ಮೆದುಳಿನ ಮುಂಭಾಗದ ಪಾತ್ರ ದೊಡ್ಡದು. ಅಂಗಡಿಯಲ್ಲಿ ಚಿಲ್ಲರೆ ಎಣಿಸುವುದಕ್ಕೂ, ಅಡುಗೆ ಮನೆಯಲ್ಲಿ ಎರಡು ಒಲೆಯ ಮೇಲೆ ಕಣ್ಣಿಡುವುದಕ್ಕೂ ಬೇಕಾದದ್ದು ಇದೇ ಶಕ್ತಿ. ವಯಸ್ಸಾದಂತೆ ಮೊದಲು ಸೊರಗುವ ಶಕ್ತಿಗಳಲ್ಲಿ ಇದೂ ಒಂದು.

ಪ್ರತಿ ಆಟವೂ ಹೊಸದೆಂಬುದು ಇಲ್ಲಿನ ಇನ್ನೊಂದು ವಿಶೇಷ. 52 ಎಲೆಗಳನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದು ಎಂಬ ಲೆಕ್ಕದ ಉತ್ತರವನ್ನು ಬರೆಯಲು 68 ಅಂಕಿಗಳು ಬೇಕು! ಚೆನ್ನಾಗಿ ಕಲೆಸಿದ ಕಟ್ಟಿನಲ್ಲಿ ನಿನ್ನೆಯ ಆಟ ಇಂದು ಬರುವುದಿಲ್ಲ. ಆದ್ದರಿಂದ ಮೆದುಳು ಬಾಯಿಪಾಠದ ಮೇಲೆ ಮಲಗುವಂತಿಲ್ಲ.

ಮಕ್ಕಳಿಗೆ: ಲೆಕ್ಕ ಮತ್ತು ಸಹನೆ

ನಾಲ್ಕೈದು ವರ್ಷದ ಮಗುವಿಗೆ ಕೆಂಪು–ಕಪ್ಪು ಬೇರ್ಪಡಿಸುವುದೇ ಆಟ. ಎಲೆಗಳನ್ನು ಮಗುಚಿಟ್ಟು, ಎರಡೆರಡಾಗಿ ತೆರೆದು ಜೋಡಿ ಹುಡುಕುವ ಆಟದಲ್ಲಿ ಮಕ್ಕಳು ಅಪ್ಪ ಅಮ್ಮನನ್ನು ಸೋಲಿಸುವುದೂ ಉಂಟು. ಇಬ್ಬರೂ ಒಂದೊಂದು ಎಲೆ ಹಾಕಿ, ದೊಡ್ಡ ಎಲೆ ಹಾಕಿದವರು ಎರಡನ್ನೂ ಎತ್ತಿಕೊಳ್ಳುವ ಸರಳ ಆಟದಲ್ಲಿ ಒಂಬತ್ತು ಆರಕ್ಕಿಂತ ದೊಡ್ಡದೆಂಬುದು ಎಲೆಯ ಮೇಲಿನ ಚಿತ್ರಗಳಿಂದಲೇ ಕಣ್ಣಿಗೆ ಕಾಣುತ್ತದೆ. ಸಂಖ್ಯೆಯ ಹೆಸರನ್ನು ಉರು ಹೊಡೆಯುವುದಕ್ಕೂ ಅದರ ಗಾತ್ರವನ್ನು ಅರಿಯುವುದಕ್ಕೂ ವ್ಯತ್ಯಾಸವಿದೆ. ಮುಂದಿನ ಗಣಿತಕ್ಕೆ ತಳಪಾಯವಾಗುವುದು ಎರಡನೆಯದು.

ಶಾಲೆಗೆ ಹೋಗುವ ಮಕ್ಕಳಿಗೆ ‘ಕತ್ತೆ’ ಆಟ ಅಚ್ಚುಮೆಚ್ಚು. ಕೊನೆಯಲ್ಲಿ ಕೈಯಲ್ಲಿ ಎಲೆ ಉಳಿದವರು ಕತ್ತೆ. ಇಲ್ಲಿ ತಾತನೂ ಕತ್ತೆಯಾಗಬಹುದು, ಮೊಮ್ಮಗಳೂ ಆಗಬಹುದು. ಸರದಿ ಬರುವವರೆಗೆ ಕಾಯುವುದು, ನಿಯಮಕ್ಕೆ ತಲೆಬಾಗುವುದು, ಸೋತಾಗ ಎಲೆ ಎಸೆಯದೆ ‘ಇನ್ನೊಂದಾಟ’ ಎನ್ನುವುದು, ಇವೆಲ್ಲ ಮಕ್ಕಳಿಗೆ ಉಪದೇಶದಿಂದ ಬರುವ ಗುಣಗಳಲ್ಲ. ಹಿರಿಯರು ಒಂದು ಮಾತು ನೆನಪಿಡಬೇಕು. ಮಗುವನ್ನು ಸದಾ ಬೇಕೆಂದೇ ಗೆಲ್ಲಿಸಬೇಡಿ. ಸೋತಾಗ ಹಂಗಿಸಲೂ ಬೇಡಿ.

ನಡುವಯಸ್ಸಿನವರಿಗೆ: ಮುಖಾಮುಖಿ

ದುಡಿಯುವ ವಯಸ್ಸಿನವರಿಗೆ ಆಟದ ಮುಖ್ಯ ಲಾಭ ಬೇರೆಯೇ. ಕರಾವಳಿಯಲ್ಲಿ ಬಳಕೆಯಲ್ಲಿರುವ ‘ಇಪ್ಪತ್ತೆಂಟು’ ಆಟಕ್ಕೆ ನಾಲ್ವರು ಬೇಕು. ಎದುರುಬದುರು ಕುಳಿತವರು ಜೊತೆಗಾರರು. ಇದರಲ್ಲಿ 32 ಎಲೆ. ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕ ಮತ್ತು ಹತ್ತಕ್ಕೆ ಒಂದೊಂದು ಅಂಕ. ಒಟ್ಟು 28. ತುರುಫು ಯಾವುದೆಂದು ಮೊದಲು ಗುಟ್ಟಾಗಿರುತ್ತದೆ. ಜೊತೆಗಾರನ ಮನಸ್ಸಿನಲ್ಲಿ ಏನಿದೆಯೆಂದು ಅವನು ಹಾಕಿದ ಎಲೆಯಿಂದಲೇ ಊಹಿಸಬೇಕು. ಅಷ್ಟು ಹೊತ್ತು ಕಚೇರಿಯ ಚಿಂತೆಯಾಗಲಿ, ಮೊಬೈಲ್ ಫೋನಾಗಲಿ ನಡುವೆ ಬರಲು ಜಾಗವಿರುವುದಿಲ್ಲ.

ಇನ್ನೊಂದು ವಿಚಾರ. ಮದುವೆ ಛತ್ರಗಳಲ್ಲಿ ರಾತ್ರಿ ಜಮಖಾನೆಯ ಮೇಲೆ ಎಲೆ ಹಂಚಿಕೊಂಡು ಕುಳಿತವರನ್ನು ನೆನೆಸಿಕೊಳ್ಳಿ. ಬಹುಪಾಲು ಗಂಡಸರೇ. ಹೆಂಗಸರ ಪಾಲಿಗೆ ಬಂದದ್ದು ಕಾಫಿ ಮಾಡಿಕೊಡುವ ಕೆಲಸ. ವಿರಾಮವೂ ಬುದ್ಧಿಯ ಕಸರತ್ತೂ ಮನೆಯೊಡತಿಗೂ ಬೇಕು. ಆಟಕ್ಕೆ ಆಕೆಯನ್ನೂ ಕರೆಯಿರಿ. ಕಾಫಿಯನ್ನು ಸೋತವರು ಮಾಡಲಿ.

ಹಿರಿಯರಿಗೆ: ಮರೆವಿನ ವಿರುದ್ಧ

ಇಳಿವಯಸ್ಸಿನಲ್ಲಿ ಎಲ್ಲರೂ ಹೆದರುವುದು ಮರೆಗುಳಿತನಕ್ಕೆ. ಅಮೆರಿಕದ ನ್ಯೂಯಾರ್ಕಿನಲ್ಲಿ 75 ವರ್ಷ ದಾಟಿದ 469 ಮಂದಿಯನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ಅವರಲ್ಲಿ 124 ಮಂದಿಗೆ ಮರೆಗುಳಿ ರೋಗ ಬಂತು. ಓದುವುದು, ಇಸ್ಪೀಟು ಅಥವಾ ಮಣೆಯಾಟ ಆಡುವುದು, ವಾದ್ಯ ನುಡಿಸುವುದು, ನರ್ತಿಸುವುದು, ಇವನ್ನು ರೂಢಿಯಲ್ಲಿಟ್ಟುಕೊಂಡವರಲ್ಲಿ ರೋಗದ ಪ್ರಮಾಣ ಕಡಿಮೆಯಿತ್ತು.

ಇದಕ್ಕೆ ತಜ್ಞರು ಕೊಡುವ ವಿವರಣೆ ಹೀಗಿದೆ. ಊರಿಗೆ ಒಂದೇ ದಾರಿಯಿದ್ದರೆ ಅದು ಕುಸಿದ ದಿನ ಸಂಚಾರವೇ ನಿಲ್ಲುತ್ತದೆ. ನಾಲ್ಕಾರು ಕಾಲುದಾರಿಗಳಿದ್ದರೆ ಸುತ್ತಿ ಬಳಸಿಯಾದರೂ ಊರು ಸೇರಬಹುದು. ಬಳಕೆಯಿಂದ ಮೆದುಳಿನಲ್ಲಿ ಇಂಥ ಹೆಚ್ಚಿನ ದಾರಿಗಳು ಗಟ್ಟಿಯಾಗುತ್ತವೆ.

ಹಾಗೆಂದು ಇಸ್ಪೀಟು ಆಡಿದರೆ ಮರೆವು ಬರುವುದೇ ಇಲ್ಲವೆಂದು ಯಾರಾದರೂ ಹೇಳಿದರೆ ನಂಬಬೇಡಿ. ಮೆದುಳು ಚುರುಕಾಗಿರುವವರೇ ಹೆಚ್ಚು ಆಡುತ್ತಿರಬಹುದು. ಮರೆವು ಶುರುವಾದವರು ಆಟದಿಂದ ತಾವಾಗಿಯೇ ಹಿಂದೆ ಸರಿದಿರಲೂಬಹುದು. 2024ರ ಲ್ಯಾನ್ಸೆಟ್ ಆಯೋಗದ ವರದಿ ಮರೆಗುಳಿತನಕ್ಕೆ ಸಂಬಂಧಿಸಿದ, ತಿದ್ದಬಹುದಾದ 14 ಅಂಶಗಳನ್ನು ಪಟ್ಟಿಮಾಡಿದೆ. ಅಧಿಕ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ಕಿವುಡು, ವ್ಯಾಯಾಮದ ಅಭಾವಗಳ ಜೊತೆಗೆ ಒಂಟಿತನವೂ ಅದರಲ್ಲಿದೆ. ಆಟ ನೇರವಾಗಿ ನೆರವಾಗುವುದು ಈ ಒಂಟಿತನದ ವಿಷಯದಲ್ಲಿ. ಉಳಿದವುಗಳಿಗೆ ಮಾತ್ರೆ, ಪಥ್ಯ, ನಡಿಗೆ ಬಿಡುವಂತಿಲ್ಲ.

ಪಾರ್ಶ್ವವಾಯುವಿನ ಮಾತಿಗೆ ಬಂದರೆ, ಕೆನಡಾ, ಅರ್ಜೆಂಟೀನಾ, ಪೆರು ಮತ್ತು ಥಾಯ್ಲೆಂಡ್‌ಗಳ 141 ರೋಗಿಗಳ ಅಧ್ಯಯನವೊಂದು 2016ರಲ್ಲಿ ಪ್ರಕಟವಾಗಿದೆ. ವಾಡಿಕೆಯ ಚಿಕಿತ್ಸೆಯ ಜೊತೆಗೆ ಒಂದು ಗುಂಪಿಗೆ ವಿಡಿಯೊ ಆಟದ ಯಂತ್ರ, ಇನ್ನೊಂದು ಗುಂಪಿಗೆ ಇಸ್ಪೀಟಿನಂಥ ಸರಳ ಆಟಗಳು. ಎರಡು ವಾರಗಳಲ್ಲಿ ಇಬ್ಬರ ಕೈಯೂ ಸುಧಾರಿಸಿತು. ಯಂತ್ರದ ಗುಂಪಿಗೆ ಹೆಚ್ಚೇನೂ ಸಿಗಲಿಲ್ಲ. ಆಟ ಮಾತ್ರವೇ ಗುಣಪಡಿಸಿತೆಂದು ಇದರ ಅರ್ಥವಲ್ಲ. ದುಬಾರಿ ಯಂತ್ರಕ್ಕೆ ಹಣವಿಲ್ಲವೆಂದು ಕೊರಗಬೇಕಾಗಿಲ್ಲ ಎಂಬುದಂತೂ ನಿಜ.

ಆಟವೇ ತೋರುವ ಲಕ್ಷಣ

ಜಾಣತನದಿಂದ ಆಡುತ್ತಿದ್ದವರು ತುರುಫು ಯಾವುದೆಂದು ಮತ್ತೆ ಮತ್ತೆ ಕೇಳುವುದು, ಸರದಿ ಮರೆಯುವುದು, ಗೊತ್ತಿದ್ದ ನಿಯಮದಲ್ಲೇ ತಡವರಿಸುವುದು ಕಂಡರೆ ನಗಬೇಡಿ, ಗದರಲೂ ಬೇಡಿ. ವೈದ್ಯರಿಗೆ ತೋರಿಸಿ. ಎಲ್ಲ ಮರೆವೂ ಮರೆಗುಳಿ ರೋಗವಲ್ಲ. ಬಿ-12 ಜೀವಸತ್ವದ ಕೊರತೆ, ಥೈರಾಯ್ಡ್ ದೋಷ, ಮನಸ್ಸಿನ ಖಿನ್ನತೆ, ಕೆಲವು ನಿದ್ರೆಯ ಮಾತ್ರೆಗಳು ಕೂಡ ಮರೆವು ತರುತ್ತವೆ. ಇವಕ್ಕೆ ಚಿಕಿತ್ಸೆಯಿದೆ.

ಕಾಸು ಕಟ್ಟಿದರೆ?

ಹಣ ಕಟ್ಟಿದೊಡನೆ ಆಟದ ಸ್ವಭಾವವೇ ಬದಲಾಗುತ್ತದೆ. ಯಾವಾಗ ಸಿಗುವುದೋ ತಿಳಿಯದ ಲಾಭಕ್ಕೆ ಮೆದುಳು ಬೇಗ ಒಗ್ಗಿಬಿಡುತ್ತದೆ. ಇನ್ನೇನು ಗೆದ್ದೆ ಎನ್ನುವಂತೆ ಸೋತಾಗಲಂತೂ ಮತ್ತೆ ಆಡುವ ಬಯಕೆ ಹೆಚ್ಚುತ್ತದೆ. ಕಳೆದದ್ದನ್ನು ಮರಳಿ ಪಡೆಯುವ ಹಠ, ಮನೆಯವರಿಗೆ ಸುಳ್ಳು, ಗುಟ್ಟಿನ ಸಾಲ, ಆಡದಿದ್ದರೆ ಚಡಪಡಿಕೆ, ಇವು ಚಟದ ಗುರುತುಗಳು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕಾಯಿಲೆಯೆಂದೇ ವರ್ಗೀಕರಿಸಿದೆ. ಮೊಬೈಲ್‌ನಲ್ಲಿ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು 2025ರಲ್ಲಿ ಅಂಗೀಕರಿಸಿತು. ಆದರೆ ಚಟ ಹತ್ತಿದವರಿಗೆ ಕಾನೂನೊಂದೇ ಸಾಲದು, ಚಿಕಿತ್ಸೆಯೂ ಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಗೆ (14416) ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಸಲಹೆ ಪಡೆಯಬಹುದು. ಮನೆಯಲ್ಲಿ ಹಿಂದೆ ಇಂಥ ಚಟದಿಂದ ನೊಂದವರಿದ್ದರೆ ಅವರು ಎಲೆ ಮುಟ್ಟದಿರುವುದೇ ಕ್ಷೇಮ. ಅಂಥವರಿಗೆ ಚೌಕಾಬಾರವಿದೆ, ಅಳಗುಳಿಮಣೆಯಿದೆ.

ನೆನಪಿಡಿ

1. ಒಂದು ಬಾರಿಗೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಸಾಕು. ನಡುವೆ ಎದ್ದು ನಾಲ್ಕು ಹೆಜ್ಜೆ ಹಾಕಿ. ಆಟ ನಡಿಗೆಗೆ ಬದಲಿಯಲ್ಲ.

2. ಮಂಡಿನೋವಿದ್ದವರು ಚಾಪೆ ಬಿಟ್ಟು ಕುರ್ಚಿ–ಮೇಜು ಬಳಸಲಿ.

3. ಬೆಳಕು ಚೆನ್ನಾಗಿರಲಿ. ಕಣ್ಣು ಮಂಜಾದವರಿಗೆ ದೊಡ್ಡ ಅಂಕಿಗಳ ಕಟ್ಟು ಸಿಗುತ್ತದೆ. ಕಿವಿಗೆ ಯಂತ್ರವಿದ್ದವರು ಹಾಕಿಕೊಂಡೇ ಕೂರಲಿ.

4. ಕೈ ನಡುಗುವವರಿಗೆ, ಬೆರಳ ಸಂಧಿ ನೋವಿದ್ದವರಿಗೆ ಒಂದು ಉಪಾಯ: ಬಟ್ಟೆ ಒಗೆಯುವ ಹೊಸ ಬ್ರಷ್ಷೊಂದನ್ನು ಮಗುಚಿಟ್ಟು, ಅದರ ಕೂದಲುಗಳ ನಡುವೆ ಎಲೆಗಳನ್ನು ಸಿಕ್ಕಿಸಿ ನಿಲ್ಲಿಸಬಹುದು.

5. ಆಟದ ಜೊತೆ ಸಿಗರೇಟು ಬೇಡ. ಬೋಂಡಾ–ಬಜ್ಜಿ ದಿನವೂ ಬೇಡ. ಊಟ, ಮಾತ್ರೆ, ನಿದ್ರೆಯ ಹೊತ್ತು ತಪ್ಪದಿರಲಿ.

6. ಬಹಳ ದಿನ ಒಂದೇ ಆಟ ಆಡಿದವರು ಹೊಸದೊಂದನ್ನು ಕಲಿಯಿರಿ.

ಮೇಲೆ ಹೇಳಿದ ಮಾಸ್ತರರು ಮೂರು ತಿಂಗಳ ನಂತರ ಬಂದರು. ಬಲಗೈಯ ಬೆರಳುಗಳು ಎಲೆಯನ್ನು ಒಂದೊಂದಾಗಿ ಜಾರಿಸುವಷ್ಟು ಹಿಡಿತಕ್ಕೆ ಬಂದಿದ್ದವು. ಇದರಲ್ಲಿ ಔಷಧಿಯ ಪಾಲೆಷ್ಟು, ವ್ಯಾಯಾಮದ ಪಾಲೆಷ್ಟು, ಇಸ್ಪೀಟಿನ ಪಾಲೆಷ್ಟು ಎಂದು ನಾನು ಹೇಳಲಾರೆ. ಬೇಡವೆಂದು ಕುಳಿತಿದ್ದ ಮನುಷ್ಯ ಸಂಜೆ ಐದು ಗಂಟೆಗೆ ತಾವಾಗಿಯೇ ಮೇಜಿನ ಬಳಿ ಬರಲು ಒಂದು ಕಾರಣ ಸಿಕ್ಕಿತ್ತು. ‘ಮೊನ್ನೆ ಮೊಮ್ಮಗಳು ಎಲೆ ಬಚ್ಚಿಟ್ಟಳು ಅಂತ ಮನೆಯೆಲ್ಲ ಕೇಳುವ ಹಾಗೆ ಜಗಳಾಡಿದರು ಡಾಕ್ಟ್ರೇ’ ಎಂದು ಪತ್ನಿ ದೂರಿದರು. ದೂರುವಾಗ ಅವರು ನಗುತ್ತಿದ್ದರು. ನಾಲ್ಕನೆಯ ಕೈ ಬೇಕೆಂದು ಈಗ ತಾವೂ ಆಟಕ್ಕೆ ಕೂರುತ್ತಿರುವುದನ್ನು ಆಕೆ ಕೊನೆಯಲ್ಲಿ, ಹೊರಡುವಾಗ ಹೇಳಿದರು. ಹುಣಸೆ ಬೀಜದ ಡಬ್ಬಿ ಮಾತ್ರ ಅವರ ಬಳಿಯೇ ಇರುತ್ತದಂತೆ.