ಟೈಲ್ಸ್ ಕೊಳ್ಳುವ ಮುನ್ನ

ಸಂಘದ ಸಾಲ ಪಡೆದು ಮನೆಗೆ ಟೈಲ್ಸ್ ಹಾಕಿಸಬೇಕು ಅಂತಿದ್ದೀರಾ? ಅಂಗಡಿಗೆ ಹೋಗುವ ಮುಂಚೆ ಈ ಪಾಠ ಓದಿ.

1. ಅಳತೆ: 10x10 ಅಡಿ ಕೋಣೆ ಎಂದರೆ 100 ಚದರ ಅಡಿ. 2x2 ಅಡಿಯ ಟೈಲ್ಸ್ 25 ಬೇಕು. ಒಡೆದರೆ, ಕತ್ತರಿಸಿದರೆ ಅಂತ ಇನ್ನೂ 3 ತನ್ನಿ. ಎಲ್ಲಾ ಬಾಕ್ಸುಗಳ ಬ್ಯಾಚ್ ನಂಬರ್ ಒಂದೇ ಇರಲಿ, ಇಲ್ಲದಿದ್ದರೆ ಬಣ್ಣ ಬೇರೆ ಬರಬಹುದು.

2. ಆಯ್ಕೆ: ಬಚ್ಚಲಿಗೆ ನುಣುಪಾದದ್ದು ಬೇಡ, ಕಾಲು ಜಾರದಂಥ ಒರಟು ಟೈಲ್ಸ್ ಇರಲಿ. ಗೋಡೆಯ ಟೈಲ್ಸ್ ನೆಲಕ್ಕೆ ಹಾಕಿಸಬೇಡಿ, ಭಾರ ತಡೆಯುವುದಿಲ್ಲ.

3. ಸಾಮಾನು: ಟೇಪು, ದಾರ, ರಸಮಟ್ಟ, ಕರಣೆ, ರಬ್ಬರ್ ಸುತ್ತಿಗೆ. ಕೂರಿಸಿದ ಟೈಲ್ಸನ್ನು ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಅಡಿಯಲ್ಲಿ ಸಿಮೆಂಟ್ ತುಂಬಿಲ್ಲ. ಆಗಲೇ ತೆಗೆಸಿ ಮತ್ತೆ ಹಾಕಿಸಿ.

4. ಧೂಳು: ಕೆ.ಜಿ.ಎಫ್. ಗಣಿ 2001ರಲ್ಲಿ ಮುಚ್ಚಿತು. ಆದರೆ ಕಲ್ಲಿನ ಧೂಳು ಕುಡಿದು ಕೆಮ್ಮುತ್ತಿದ್ದ ಅಪ್ಪ, ತಾತಂದಿರನ್ನು ನಾವು ಮರೆತಿಲ್ಲ. ಟೈಲ್ಸ್ ಧೂಳಿನಲ್ಲೂ ಅದೇ ಸಿಲಿಕಾ ಇದೆ. ಗೀರಿ ಮುರಿಯುವ ಕೈ ಕಟರ್ ಬಳಸಿದರೆ ಧೂಳು ಬಹಳ ಕಡಿಮೆ. ಮೆಷಿನ್ ಬೇಕೇ ಬೇಕಾದರೆ ಮನೆಯ ಹೊರಗೆ ಕತ್ತರಿಸಲು ಮೇಸ್ತ್ರಿಗೆ ಹೇಳಿ. ಅವರು ಮಾಸ್ಕ್ ಹಾಕಲಿ, ಮಕ್ಕಳು ದೂರವಿರಲಿ.

ಚರ್ಚೆಗೆ: ಮುಂದಿನ ಸಭೆಗೆ ನಿಮ್ಮ ಕೋಣೆಯ ಅಳತೆ ಬರೆದು ತನ್ನಿ. ಎಷ್ಟು ಟೈಲ್ಸ್, ಎಷ್ಟು ಸಾಲ ಬೇಕು? ಎಲ್ಲರೂ ಕೂತು ಲೆಕ್ಕ ಹಾಕೋಣ.